ಕಾಣದ ಗೋಲಿನ ಅರ್ಥಗಾರಿಕೆ

ನಮ್ಮ ಕಡೆ ಹಾಕಿ ಆಡುವವರು ಅಪರೂಪ. ಸಾಗರವಾಗಲಿ, ಹೊಸನಗರ, ತೀರ್ಥಹಳ್ಳಿಗಳಾಗಲಿ, ಗದ್ದೆ ಕೊಯ್ಲು ಮುಗಿದ ಮೇಲೆ ಹುಡುಗರು ಆಡುವುದು ವಾಲಿಬಾಲ್, ಕಬಡ್ಡಿ, ಕ್ರಿಕೆಟ್ಟು. ಆದರೆ ಹಾಕಿಯನ್ನು ಹೇಳುವವರು ಇದ್ದಾರೆ. ಎಲ್ಲರೂ ಎಪ್ಪತ್ತರ ಆಚೀಚಿನವರು. ಅಂಥವರೊಬ್ಬರ ಜಗಲಿಯಲ್ಲಿ ಕೂತು, ಕವಳದ ತಟ್ಟೆ ಹತ್ತಿರ ಸರಿಸಿ, 'ಗೋವಿಂದ' ಎಂದರೆ ಸಾಕು, 1973ರ ಆ ಗೋಲು ಹೊರಗೆ ಬರುತ್ತದೆ. ಈ ಲೇಖನ ಆ ಗೋಲಿನ ಬಗ್ಗೆ ಅನ್ನುವುದಕ್ಕಿಂತ ಅದನ್ನು ಹೇಳುವ ಬಗೆಯ ಬಗ್ಗೆ. ಬರೆದದ್ದನ್ನು ಮಾತ್ರ ವಿಮರ್ಶೆ ಮಾಡಬೇಕು ಎಂದು ಯಾರೂ ಹೇಳಿಲ್ಲವಲ್ಲ.

ಕತೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಬಿ.ಪಿ. ಗೋವಿಂದ ಕೊಡಗಿನ ಸೋಮವಾರಪೇಟೆಯವರು. ಭಾರತ ಹಾಕಿ ತಂಡದ ಮುಂಪಡೆಯ ಆಟಗಾರ, ಓಟಕ್ಕೆ ಹೆಸರಾದವರು. ಆ ಕಾಲದಲ್ಲಿ ಭಾರತಕ್ಕೆ ಪಾಕಿಸ್ತಾನದ ಎದುರು ಸೋಲೇ ಗತಿ ಎನ್ನುವಂತಾಗಿತ್ತು. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್, 1971ರ ಬಾರ್ಸಿಲೋನಾ ವಿಶ್ವಕಪ್‌ನ ಸೆಮಿಫೈನಲ್, 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಸೆಮಿಫೈನಲ್, ಮೂರೂ ಕೈ ತಪ್ಪಿದ್ದವು. 1973ರಲ್ಲಿ ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್ವೀನ್‌ನಲ್ಲಿ ಎರಡನೆಯ ವಿಶ್ವಕಪ್. ನಾಯಕರು ಕೊಡಗಿನವರೇ ಆದ ಎಂ.ಪಿ. ಗಣೇಶ್. ಸೆಮಿಫೈನಲ್‌ನಲ್ಲಿ ಮತ್ತೆ ಪಾಕಿಸ್ತಾನ, ಹಿಂದಿನ ವಿಶ್ವಕಪ್ ಗೆದ್ದ ತಂಡ. ಈ ಸಲ ಭಾರತ ಗೆದ್ದಿತು, 1–0. ಆ ಒಂದು ಗೋಲು ಗೋವಿಂದರದು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರಲು ಆಗ ಇನ್ನೂ ಎರಡು ತಿಂಗಳಿತ್ತು. ಗೋಲು ಹೊಡೆದವರು 'ಮೈಸೂರಿನವರು'.

ಇದನ್ನು ನಮ್ಮ ಕಡೆಯ ಯಾರೂ ಕಣ್ಣಾರೆ ಕಂಡಿಲ್ಲ. ಆಗ ರಾಜ್ಯದಲ್ಲಿ ಟಿವಿಯೇ ಇರಲಿಲ್ಲ. ರೇಡಿಯೊದ ವಾರ್ತೆಯಲ್ಲಿ ಬಂದ ಒಂದೆರಡು ವಾಕ್ಯ, ಮರುದಿನ ಬಸ್ಸಿನಲ್ಲಿ ಬರುವ ಪತ್ರಿಕೆಯ ಕೆಲವು ಸಾಲು, ಇಷ್ಟೇ ಬಂಡವಾಳ. ಅಷ್ಟರಿಂದ ಐವತ್ತು ವರ್ಷ ಬಾಳುವ ಓಟವೊಂದನ್ನು ಕಟ್ಟಿದ್ದಾರೆ. ನಾನು ಕೇಳಿದ ಮೂರು ಪಾಠಗಳು ಮೂರು ತೆರ.

ಮೊದಲನೆಯದು ಸಾಗರದ ನಿವೃತ್ತ ಮೇಷ್ಟ್ರದು. ಅವರ ಗೋವಿಂದ ಅರ್ಧ ಮೈದಾನದಿಂದ ಹೊರಡುತ್ತಾರೆ. 'ಅಲ್ಲಿ ಒಬ್ಬನನ್ನು ತಪ್ಪಿಸಿ, ಇಲ್ಲಿ ಸ್ವಲ್ಪ ಬಾಗಿ, ಇನ್ನೊಬ್ಬನ ಎಡಕ್ಕೆ ನುಗ್ಗಿ, ಚೆಂಡನ್ನು ಕೋಲಿಗೆ ಅಂಟಿಸಿಕೊಂಡು, ಗೋಲ್‌ಕೀಪರನ್ನ ಈ ಕಡೆ ಎಳೆದು, ಆ ಕಡೆಯಿಂದ...' ಎಂದು ನಿಲ್ಲಿಸಿ, ಅಡಿಕೆ ಹೋಳು ಬಾಯಿಗೆ ಹಾಕಿ, ಕೂತವರ ಮುಖವನ್ನೆಲ್ಲ ಒಂದು ಸುತ್ತು ನೋಡಿ, ಕೊನೆಗೆ 'ತಳ್ಳಿದ' ಎನ್ನುತ್ತಾರೆ.

ಇಲ್ಲಿ ಕೆಲಸ ಮಾಡುತ್ತಿರುವುದು ಮೇಷ್ಟ್ರ ಹಾಕಿ ಜ್ಞಾನವಲ್ಲ, ಕನ್ನಡ ವ್ಯಾಕರಣ. ತಪ್ಪಿಸಿ, ಬಾಗಿ, ನುಗ್ಗಿ, ಎಳೆದು: ಹೀಗೆ ಅಪೂರ್ಣ ಕ್ರಿಯಾಪದಗಳನ್ನು ಎಷ್ಟು ಬೇಕಾದರೂ ಪೋಣಿಸುತ್ತ ಹೋಗಲು ನಮ್ಮ ಭಾಷೆ ಬಿಡುತ್ತದೆ. ಪೂರ್ಣ ಕ್ರಿಯಾಪದ ಬರುವವರೆಗೆ ವಾಕ್ಯ ಮುಗಿಯುವುದಿಲ್ಲ, ಕೇಳುವವನು ಉಸಿರು ಬಿಡುವಂತಿಲ್ಲ. ಮುಂಪಡೆಯವನ ಓಟಕ್ಕೆ ಇದಕ್ಕಿಂತ ಹೊಂದುವ ವಾಕ್ಯ ಬೇರೆ ಇರಲಾರದು. ಓಟ ಮುಗಿಯುವುದೂ ವಾಕ್ಯ ಮುಗಿಯುವುದೂ ಒಂದೇ ಕ್ಷಣದಲ್ಲಿ.

ಇದರ ಪಕ್ಕದಲ್ಲಿ ನಮ್ಮ ಕ್ರೀಡಾ ಪುಟಗಳ ಕನ್ನಡವನ್ನು ಇಟ್ಟು ನೋಡಿ. 'ಮಿಂಚಿನ ವೇಗದ', 'ಚಿರತೆಯಂಥ', 'ಪಾದರಸದಂಥ' ಇತ್ಯಾದಿ. ಓಡುವವನ ಮೇಲೆ ವಿಶೇಷಣ ಹೇರಿದಷ್ಟೂ ಅವನು ನಿಧಾನವಾಗುತ್ತಾನೆ. ಮಿಂಚು ಎಂದ ಕೂಡಲೇ ನನಗೆ ಕಾಣುವುದು ಆಕಾಶವೇ ಹೊರತು ಗೋವಿಂದರಲ್ಲ. ಮೇಷ್ಟ್ರು ಒಂದೇ ಒಂದು ಹೋಲಿಕೆಯನ್ನೂ ಬಳಸಲಿಲ್ಲ.

ಆದರೆ ಅವರ ಪಾಠ 'ತಳ್ಳಿದ' ಎಂಬಲ್ಲಿಗೆ ಮುಗಿಯಿತು. ಫೈನಲ್ ಏನಾಯಿತು ಎಂದು ಕೇಳಿದೆ. 'ಅದನ್ನ ಯಾಕೆ ಕೇಳ್ತೀಯ ಮಾರಾಯ' ಎಂದು ಎಲೆಗೆ ಸುಣ್ಣ ಹಚ್ಚತೊಡಗಿದರು.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಫೈನಲ್‌ನಲ್ಲಿ ಎದುರಾಳಿ ಆತಿಥೇಯ ನೆದರ್ಲೆಂಡ್ಸ್. ಆಟ ಆರಂಭವಾದ ಕೆಲವೇ ನಿಮಿಷಗಳಲ್ಲಿ ಸುರ್ಜಿತ್ ಸಿಂಗ್ ಎರಡು ಗೋಲು ಹೊಡೆದರು. ನೆದರ್ಲೆಂಡ್ಸ್ ಎರಡನ್ನೂ ತೀರಿಸಿತು. ಹೆಚ್ಚುವರಿ ಸಮಯಕ್ಕೆ ಹೋಯಿತು, ಮೊದಲು ಗೋಲು ಹೊಡೆದವರಿಗೆ ಕಪ್ಪು ಎಂಬ ಲೆಕ್ಕದಲ್ಲಿ. ಆಗ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ತೆಗೆದುಕೊಂಡವರು ಗೋವಿಂದ. ಗೋಲಾಗಲಿಲ್ಲ. ಕೊನೆಗೆ ಸ್ಟ್ರೋಕ್‌ಗಳಲ್ಲೇ 4–2ರಿಂದ ನೆದರ್ಲೆಂಡ್ಸ್ ಗೆದ್ದಿತು.

ಹೊಸನಗರದ ಕಡೆಯ ತೋಟದ ಹೆಗಡೆಯವರೊಬ್ಬರ ಪಾಠದಲ್ಲಿ ಇರುವುದು ಇದೇ. ಗೋಲನ್ನು ಅವರೂ ಹೇಳುತ್ತಾರೆ, ಆದರೆ ಅವಸರದಲ್ಲಿ, ಮುಂದಿನ ಬಸ್ಸು ಹಿಡಿಯಬೇಕಾದವರ ಹಾಗೆ. ಅವರಿಗೆ ತಲುಪಬೇಕಾದ್ದು ಸ್ಟ್ರೋಕ್. 'ಕೈಗೆ ಬಂದ ಕಪ್ಪು. ಎದುರು ಒಬ್ಬನೇ ಒಬ್ಬ. ಕೆಡಿಸಿಬಿಟ್ಟ.' ಲಿಂಗನಮಕ್ಕಿ ಹಿನ್ನೀರಿನಲ್ಲಿ ಮನೆ, ಗದ್ದೆ ಕಳೆದುಕೊಂಡ ಕುಟುಂಬದವರು ಅವರು. ಕೈಗೆ ಬಂದದ್ದು ಹೋಗುವ ಕತೆಗಳಲ್ಲಿ ಅವರಿಗೆ ಒಂದು ಪಳಗಿದ ಸಲುಗೆ ಇದೆ ಅನಿಸಿತು. ಇದು ನನ್ನ ಊಹೆ, ಅವರು ಒಪ್ಪಲಿಕ್ಕಿಲ್ಲ. ಅದೇನೇ ಇರಲಿ, ಮೇಷ್ಟ್ರ ಪಾಠದಲ್ಲಿ ಗೋವಿಂದ ಗೋಲು ಮಾತ್ರ, ಹೆಗಡೆಯವರಲ್ಲಿ ಸ್ಟ್ರೋಕ್ ಮಾತ್ರ. ಎರಡರಲ್ಲೂ ಮನುಷ್ಯ ಅರ್ಧ.

ಹಾಗಾದರೆ ಯಾವುದು ಒಳ್ಳೆಯ ಪಾಠ? ಇದನ್ನು ನಿರ್ಣಯಿಸುವ ಅಳತೆಗೋಲು ಹೊರಗಿನಿಂದ ತರಬೇಕಾಗಿಲ್ಲ, ನಮ್ಮ ಊರಿನಲ್ಲೇ ಇದೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮನೆಯ ಜಗಲಿಗಳಲ್ಲಿ, ದೇವಸ್ಥಾನಗಳಲ್ಲಿ ತಾಳಮದ್ದಳೆ ನಡೆಯುತ್ತದಲ್ಲ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಕೂತವರು ಮಾತಿನಲ್ಲೇ ಕುರುಕ್ಷೇತ್ರ ಮಾಡುತ್ತಾರೆ. ಅಲ್ಲಿ ಭಾಗವತರು ಹಾಡುವ ಪದ್ಯ ಕವಿಯದು, ಅದನ್ನು ಬದಲಿಸುವಂತಿಲ್ಲ. ಅದರ ಮೇಲೆ ಅರ್ಥಧಾರಿ ಎಷ್ಟು ದೂರ ಬೇಕಾದರೂ ಹೋಗಬಹುದು, ಪದ್ಯಕ್ಕೆ ವಿರೋಧವಾಗದ ಹಾಗೆ. ಆ ಗೋಲಿಗೂ ಇದೇ ನಿಯಮ. '1–0, ಗೋವಿಂದ' ಎಂಬುದು ಪದ್ಯ. ಬಲದಿಂದ ಓಡಿದರೋ ಎಡದಿಂದಲೋ, ಒಬ್ಬನನ್ನು ದಾಟಿದರೋ ಮೂವರನ್ನೋ, ಅದೆಲ್ಲ ಅರ್ಥಗಾರಿಕೆ. ನನ್ನ ಮೂವರೂ ಈ ವಿವರಗಳಲ್ಲಿ ಒಬ್ಬರಿಗೊಬ್ಬರು ಹೊಂದುವುದಿಲ್ಲ. ಹೊಂದಬೇಕಾಗಿಯೂ ಇಲ್ಲ. ಆದರೆ ಸ್ಟ್ರೋಕ್ ಕೂಡ ಅದೇ ಪ್ರಸಂಗದ ಪದ್ಯವೇ. ಅದನ್ನು ಹಾಡದೆ ಬಿಡಲು ಬರುವುದಿಲ್ಲ.

ಇದನ್ನು ಇನ್ನೊಂದು ದಿನ ಮೇಷ್ಟ್ರ ಎದುರೇ ಹೇಳಿದೆ. ಅವರು ಸುಲಭಕ್ಕೆ ಬಗ್ಗುವವರಲ್ಲ. 'ಪ್ರಸಂಗವನ್ನ ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ಆಟ ಆಡಿಸುವವರ ಇಷ್ಟ. ಕರ್ಣ ಸಾಯುವ ಮೊದಲೇ ಮಂಗಳ ಹಾಡಿದ್ದನ್ನ ನೀನು ಕೇಳಿಲ್ವಾ?' ಎಂದರು. ಕೇಳಿದ್ದೇನೆ. ಆದರೆ ಅಂಥ ರಾತ್ರಿಯೂ ಜಗಲಿಯಲ್ಲಿ ಕೂತವರಿಗೆಲ್ಲ ರಥದ ಗಾಲಿ ಹೂತುಹೋಗುವುದು ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಕರ್ಣನ ಪ್ರತಿ ಮಾತಿಗೂ ಆ ತೂಕ. ಗೋವಿಂದರ ಕತೆಯನ್ನು ಇವತ್ತಿನ ಹುಡುಗನಿಗೆ ಹೇಳುವಾಗ ಆ ಅನುಕೂಲ ಇಲ್ಲ. ಅವನಿಗೆ ಮುಂದಿನದು ಗೊತ್ತಿಲ್ಲ. ನೀವು ನಿಲ್ಲಿಸಿದಲ್ಲಿಗೆ ಅವನ ಕತೆ ನಿಂತಿತು.

ಮೂರನೆಯ ಪಾಠ ತೀರ್ಥಹಳ್ಳಿಯ ಹಿರಿಯರೊಬ್ಬರದು. ಗೌಡರು ಹಿಂದೆ ಬೇಟೆಗಾರರಾಗಿದ್ದವರು. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ಹೋಗಿ ಬೇಟೆಯ ಮಾತು ಉಳಿಯಿತು ಎಂದು ಅವರೇ ನಗುತ್ತಾರೆ. ಮಲೆನಾಡಿನ ಬೇಟೆ ಕತೆಗಳದ್ದು ಒಂದು ಸ್ವಾರಸ್ಯ ಇದೆ: ಗುರಿ ತಪ್ಪಿದ ಈಡನ್ನೂ ಬಿದ್ದ ಹಂದಿಯಷ್ಟೇ ಪ್ರೀತಿಯಿಂದ ಹೇಳುತ್ತಾರೆ. ಎಲ್ಲಿ ನಿಂತಿದ್ದೆ, ಗಾಳಿ ಯಾವ ಕಡೆ ಇತ್ತು, ಯಾರು ಕೆಮ್ಮಿದ, ಯಾಕೆ ತಪ್ಪಿತು. ತಪ್ಪಿದ್ದನ್ನು ಮುಚ್ಚಿಟ್ಟವನ ಮಾತನ್ನು ಬಿದ್ದ ಹಂದಿಯ ವಿಷಯದಲ್ಲೂ ನಂಬುವುದಿಲ್ಲ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಓದಿದವರಿಗೆ ಈ ಬೇಟೆಯ ಲೋಕ ಹೊಸದಲ್ಲ. ಆ ನೆಲದಿಂದ ಬಂದವರು ಹಾಕಿಯನ್ನೂ ಅದೇ ಕ್ರಮದಲ್ಲಿ ಹೇಳುತ್ತಾರೆ.

ಗೌಡರು ಗೋವಿಂದರ ಓಟವನ್ನು ಹೇಳುವುದೇ ಇಲ್ಲ. ಪಾಕಿಸ್ತಾನದ ರಕ್ಷಣೆಯವನನ್ನು ಹೇಳುತ್ತಾರೆ. 'ಅವ ಚೆಂಡು ಬರೋ ದಾರಿಗೆ ಅಡ್ಡ ನಿಂತ. ಸರಿಯಾಗೇ ನಿಂತಿದ್ದ, ತಪ್ಪು ಅವನದ್ದಲ್ಲ. ಕೋಲು ಕೆಳಗೆ ಹಾಕ್ದ. ಹಾಕಿ ನೋಡ್ತಾನೆ, ಎದುರು ಯಾರೂ ಇಲ್ಲ. ತಿರುಗ್ದ. ಬೆನ್ನು ಕಾಣ್ತು.' ಇಷ್ಟೇ. ಓಡಿದವನು ಎಷ್ಟು ವೇಗದವನು ಎಂಬುದು ಓಡದೆ ನಿಂತವನಿಂದ ತಿಳಿಯಿತು. ಹಳುವಿನಿಂದ ಹೊರಬಿದ್ದು ಹಾದುಹೋದ ಪ್ರಾಣಿಯನ್ನು ಹೇಳುವಾಗಲೂ ಅವರು ಹೀಗೇ ಹೇಳುತ್ತಾರೆ: ಪ್ರಾಣಿ ಕಾಣುವುದಿಲ್ಲ, ಅಲ್ಲಾಡುತ್ತಿರುವ ಗಿಡ ಕಾಣುತ್ತದೆ. ಮೇಷ್ಟ್ರ ಉದ್ದನೆಯ ವಾಕ್ಯಕ್ಕೆ ಮರುಳಾಗಿದ್ದ ನಾನು ಇದನ್ನು ಕೇಳಿದ ಮೇಲೆ ಅಭಿಪ್ರಾಯ ಬದಲಿಸಿಕೊಂಡೆ. ಮೇಷ್ಟ್ರದು ಚೆಂದ, ಆದರೆ ಅದರಲ್ಲಿ ಎದುರಾಳಿಗಳೆಲ್ಲ ನೆಟ್ಟ ಗೂಟಗಳು. ಗೌಡರ ಎದುರಾಳಿಗೆ ಜೀವವಿದೆ, ಅವನ ಮೇಲೆ ಕರುಣೆಯೂ ಇದೆ. ಹಾಗಾಗಿ ಗೋಲು ಇನ್ನಷ್ಟು ದೊಡ್ಡದು.

ಆ ಮೇಲೆ ಅವರು ತಾವಾಗಿಯೇ ಸ್ಟ್ರೋಕಿಗೆ ಬಂದರು. ಯಾರೂ ಕೇಳಿರಲಿಲ್ಲ. ಗೌಡರ ಪ್ರಕಾರ ಇಡೀ ಕತೆಯ ಗಂಟು ಇರುವುದು ಅಲ್ಲಿ. ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಓಡಿಬಂದು ಹೊಡೆಯುವ ಹಾಗಿಲ್ಲ. ಗೋಲಿನಿಂದ ಕೆಲವೇ ಗಜ ದೂರದಲ್ಲಿ ಚೆಂಡು ಇಟ್ಟಿರುತ್ತಾರೆ, ಪಕ್ಕದಲ್ಲಿ ನಿಲ್ಲಬೇಕು, ಸೀಟಿಗೆ ಕಾಯಬೇಕು, ಒಂದೇ ಸಲ ತಳ್ಳಬೇಕು. 'ಓಡುವವನನ್ನ ನಿಲ್ಲಿಸಿದ್ರು' ಎಂದರು ಗೌಡರು. ಇಷ್ಟು ವರ್ಷದಲ್ಲಿ ಆ ಫೈನಲ್ ಬಗ್ಗೆ ನಾನು ಓದಿದ ಯಾವ ಬರಹದಲ್ಲೂ ಈ ಮಾತು ಕಂಡಿರಲಿಲ್ಲ. ಗೋಲು, ಸ್ಟ್ರೋಕ್ ಎರಡನ್ನೂ ಒಂದೇ ಮನುಷ್ಯನ ಕತೆಯಾಗಿ ಹೊಲಿಯುವ ದಾರ ಅದು. ಒಂದು ಕಡೆ ಅವರ ಗುಣ ಪೂರ್ತಿ ಕೆಲಸಕ್ಕೆ ಬಂತು, ಇನ್ನೊಂದು ಕಡೆ ಅದೇ ಗುಣಕ್ಕೆ ಜಾಗವೇ ಇರಲಿಲ್ಲ. ಇದರಿಂದ ತಪ್ಪಿದ್ದು ತಪ್ಪದೇ ಹೋದಂತಾಗುವುದಿಲ್ಲ. ತಂಡ ಸೋತದ್ದು ಸೋತದ್ದೇ. ಆದರೆ 'ಕೆಡಿಸಿಬಿಟ್ಟ' ಎಂಬ ಹೆಗಡೆಯವರ ಒಂದೇ ಶಬ್ದದ ತೀರ್ಪಿನಿಂದ ನಾವು ಬಹಳ ಮುಂದೆ ಬಂದಿರುತ್ತೇವೆ.

ಎರಡು ವರ್ಷದ ನಂತರ, 1975ರಲ್ಲಿ, ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನೇ 2–1ರಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಗೋವಿಂದ ಆ ತಂಡದಲ್ಲಿದ್ದರು. ಅಲ್ಲಿ ಎಲ್ಲರ ಬಾಯಲ್ಲಿ ಉಳಿದದ್ದು ಅಶೋಕ್ ಕುಮಾರ್ ಅವರ ಗೋಲು, ಆಯಿತೋ ಇಲ್ಲವೋ ಎಂಬ ಪಾಕಿಸ್ತಾನದವರ ಜಗಳದ ಸಮೇತ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಹೊತ್ತಿಗೆ ಹುಲ್ಲು ಹೋಗಿ ಕೃತಕ ಹಾಸು ಬಂತು, ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಹಾಕಿ ಹೇಳುವವರ ಬಂಡವಾಳವೂ ಅಲ್ಲಿಂದ ಕರಗುತ್ತ ಹೋಯಿತು.

ಸೋಮವಾರಪೇಟೆ ಮತ್ತೊಬ್ಬ ಓಟಗಾರನನ್ನು ಕೊಟ್ಟಿತು, ಎಸ್.ವಿ. ಸುನಿಲ್. 2012 ಮತ್ತು 2016ರ ಒಲಿಂಪಿಕ್ಸ್ ಆಡಿದವರು, 2014ರ ಇಂಚಾನ್ ಏಷ್ಯನ್ ಗೇಮ್ಸ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಸೋಲಿಸಿ ಚಿನ್ನ ಗೆದ್ದ ತಂಡದವರು. ಅವರ ಓಟ ಮೊಬೈಲಿನಲ್ಲಿ ಸಿಗುತ್ತದೆ. ಗೌಡರ ಮೊಮ್ಮಗ ನನಗೆ ತೋರಿಸಿದ, ಅದ್ಭುತವಾಗಿಯೇ ಇದೆ. 'ಹೇಳು ನೋಡೋಣ, ಹೇಗೆ ಓಡಿದ್ರು?' ಎಂದೆ. ಹುಡುಗ ಮತ್ತೊಮ್ಮೆ ಒತ್ತಿ ಫೋನನ್ನೇ ನನ್ನ ಕಡೆ ತಿರುಗಿಸಿದ. ನೋಡಿದವನಿಗೆ ಹೇಳಬೇಕಾದ ಅಗತ್ಯ ಬೀಳಲಿಲ್ಲ. ಹಳೆಯದು ಹೋಯಿತೆಂದು ಅಳುವವನು ನಾನಲ್ಲ, ಕಾಣದ್ದಕ್ಕಿಂತ ಕಂಡದ್ದು ಒಳ್ಳೆಯದೇ. ಆದರೆ ಆ ಚೂರಿನಲ್ಲಿ ಇದ್ದದ್ದು ಗೋಲು ಮಾತ್ರ. ತಪ್ಪಿದವುಗಳನ್ನು ಯಾರೂ ಕತ್ತರಿಸಿ ಜೋಡಿಸಿ ಇಟ್ಟಿರಲಿಲ್ಲ. ಆ ಮಟ್ಟಿಗೆ ಮೊಬೈಲೂ ಮೇಷ್ಟ್ರ ಕಡೆಯೇ.

ಗೌಡರು ಹುಡುಗನ ಫೋನಿನ ಕಡೆ ನೋಡಲಿಲ್ಲ. ಅವರಿನ್ನೂ ಸ್ಟ್ರೋಕಿನಲ್ಲೇ ಇದ್ದರು. 'ಚೆಂಡಿನ ಹತ್ರ ನಿಂತಿದ್ದ. ಕಪ್ತಾನನೂ ಕೊಡಗಿನವ, ಅವ ಹಿಂದೆಲ್ಲೋ ನಿಂತಿದ್ದ. ಸೀಟಿ ಆಯ್ತು' ಎಂದರು. ಅಷ್ಟರಲ್ಲಿ ಮೋಡ ಕಟ್ಟಿತು. ಅಂಗಳದಲ್ಲಿ ಹರವಿದ್ದ ಅಡಿಕೆಯನ್ನು ಒಳಗೆ ಹಾಕಬೇಕೆಂದು ಎಲ್ಲರೂ ಎದ್ದೆವು, ಅವರೂ ಎದ್ದರು.