ಅರ್ಧಕ್ಕಿಳಿದ ಟಾರ್ಕ್, ಏರಿದ ಎಳೆತ

ಹೈಬ್ರಿಡ್ ಕಾರಿನ ವಿಮರ್ಶೆ ಬರೆಯುವವರು ಮೈಲೇಜ್, ಬ್ಯಾಟರಿಯ ಬಾಳಿಕೆ, ಸೀಟಿನ ಸುಖ ಎಲ್ಲವನ್ನೂ ಅಳೆಯುತ್ತಾರೆ. ಮೋಟಾರಿಗೆ ಸಿಗುವುದು ಒಂದು ಸಾಲು. 2022ರಲ್ಲಿ ಇನ್ನೋವಾ ಹೈಕ್ರಾಸ್ ಬಂದಾಗಲೂ ಲೀಟರಿಗೆ 23.24 ಕಿ.ಮೀ. ಎಂಬ ಅಂಕಿಯೊಂದೇ ಎಲ್ಲರ ಬಾಯಲ್ಲಿತ್ತು. ಹೈಬ್ರಿಡ್ ಕಾರುಗಳ ಮೋಟಾರು ಕೂಡಿದ ಇ-ಡ್ರೈವ್ ನಮ್ಮ ಬಿಡದಿಯಲ್ಲೇ, ಟೊಯೋಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್‌ನಲ್ಲಿ ತಯಾರಾಗುತ್ತದೆ ಎಂಬುದು ಯಾರಿಗೂ ಸುದ್ದಿಯಾಗಲಿಲ್ಲ.

ಈ ಉಪೇಕ್ಷೆ ತಪ್ಪು ತೀರ್ಪಿಗೂ ದಾರಿ ಮಾಡುತ್ತದೆ. ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್‌ನ ಎರಡನೇ ತಲೆಮಾರಿನ (2003) ಮೋಟಾರು 400 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತಿತ್ತು. ಮೂರನೆಯದರದು (2009) ಬರೀ 207. ಪಟ್ಟಿ ನೋಡಿ ಅಂಕ ಕೊಡುವ ವಿಮರ್ಶಕರಿಗೆ ಇದು ಹಿನ್ನಡೆ. ಅವರು ಗೇರಿನ ಲೆಕ್ಕವನ್ನೇ ಮಾಡುವುದಿಲ್ಲ. ಹಳೆಯದರಲ್ಲಿ ಮೋಟಾರಿಗೂ ಚಕ್ರಕ್ಕೂ ನಡುವೆ ಇದ್ದದ್ದು 4.113ರ ಅನುಪಾತ ಮಾತ್ರ: ಚಕ್ರಕ್ಕೆ ಮುಟ್ಟಿದ್ದು ಸುಮಾರು 1,645. ಹೊಸದರಲ್ಲಿ 2.636ರ ಗೇರ್ ಸೇರಿತು, ಹಿಂದಿದ್ದ ಅನುಪಾತ 3.267ಕ್ಕೆ ಇಳಿಯಿತು, ಗುಣಿಸಿದರೆ ಸುಮಾರು 1,783. ಮೋಟಾರು ಕಿರಿದಾಯಿತು, ಎಳೆತ ಹೆಚ್ಚಿತು.

ಮೋಟಾರಿನ ಗಾತ್ರವನ್ನು ನಿರ್ಧರಿಸುವುದು ಟಾರ್ಕ್, ಶಕ್ತಿಯಲ್ಲ. ಟಾರ್ಕ್ ಇಳಿಸಿ ವೇಗ ಏರಿಸಿದರೆ ತಾಮ್ರ, ಉಕ್ಕು, ಅಯಸ್ಕಾಂತ ಮೂರೂ ಉಳಿಯುತ್ತವೆ. ಡಿಸ್ಪ್ರೋಸಿಯಂ ಮುಂತಾದ ವಿರಳ ಲೋಹಗಳ ರಫ್ತಿಗೆ ಚೀನಾ 2025ರ ಏಪ್ರಿಲ್‌ನಲ್ಲಿ ಕಡಿವಾಣ ಹಾಕಿದ ಮೇಲೆ ಈ ಉಳಿತಾಯದ ಬೆಲೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ವೇಗ ಪುಕ್ಕಟೆ ಬರುವುದಿಲ್ಲ. ರೋಟರಿನ ಒಳಗೆ ಹುದುಗಿಸಿದ ಅಯಸ್ಕಾಂತಗಳನ್ನು ಹಿಡಿದಿಡುವುದು ಅಂಚಿನಲ್ಲಿ ಉಳಿಸಿದ ಉಕ್ಕಿನ ಸಣ್ಣ ಪಟ್ಟಿ. ಅದು ತೀರಾ ತೆಳುವಾದರೆ ನಿಮಿಷಕ್ಕೆ 13,500 ಸುತ್ತಿನಲ್ಲಿ ಹರಿಯುತ್ತದೆ; ದಪ್ಪವಾದರೆ ಕಾಂತಪ್ರವಾಹ ಕೆಲಸಕ್ಕೆ ಬಾರದೆ ಅದರೊಳಗೇ ಸುತ್ತಿ ಸೋರುತ್ತದೆ. ಈ ಒಂದು ಪಟ್ಟಿಯ ದಪ್ಪವನ್ನು ನಿಗದಿ ಮಾಡಿದವರ ಜಾಣ್ಮೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ನನ್ನ ತಕರಾರು ಬೇರೆ ಕಡೆ ಇದೆ. ನಿಂತು ನಿಂತು ಸಾಗುವ ಬೆಂಗಳೂರಿನ ರಸ್ತೆಯಲ್ಲಿ ಹೈಬ್ರಿಡ್ ಗೆಲ್ಲುವುದು ಸಹಜ, ಪರೀಕ್ಷೆಗಳೂ ಹೆಚ್ಚಾಗಿ ಅಲ್ಲೇ ಮುಗಿಯುತ್ತವೆ. ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದು ರಾಮನಗುಳಿಗೆ ಬರುವ ದಾರಿಯ ಲೆಕ್ಕವೇ ಬೇರೆ. ಒಂದೂವರೆ ಟನ್ನಿನ ಕಾರು 400 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 1.6 ಯೂನಿಟ್. ಗಾಳಿ, ಟಯರು ಒಂದಷ್ಟನ್ನು ನುಂಗಿದರೂ ಮೋಟಾರು ಹಿಡಿಯಬಲ್ಲದ್ದು ಬಹಳ ಉಳಿಯುತ್ತದೆ. ಹಾಗೆ ಹಿಡಿದದ್ದನ್ನು ಇಡಲು ಪ್ರಿಯಸ್‌ನಲ್ಲಿದ್ದದ್ದು 1.3 ಯೂನಿಟ್ಟಿನ ಬ್ಯಾಟರಿ, ಅದರಲ್ಲೂ ಬಳಕೆಗೆ ಬರುವುದು ಒಂದು ಪಾಲು ಮಾತ್ರ. ಅದು ತುಂಬಿದ ಮೇಲೆ ಉಳಿದ ಇಳಿಜಾರಿನಲ್ಲಿ ಕಾರನ್ನು ತಡೆಯುವ ಕೆಲಸ ಎಂಜಿನ್ನಿಗೆ, ಬ್ರೇಕಿಗೆ. ಇಷ್ಟು ಸೊಗಸಾದ ಮೋಟಾರಿಗೆ ತನ್ನ ದುಡಿಮೆಯನ್ನು ಕೂಡಿಡಲು ಜಾಗವಿಲ್ಲದಂತೆ ಮಾಡಿದ್ದು ಜೊತೆಗಿಟ್ಟ ಪುಟ್ಟ ಬ್ಯಾಟರಿ. ಘಟ್ಟದ ಕೆಳಗಿನವರು ಹೈಬ್ರಿಡ್ ಕೊಳ್ಳುವಾಗ ಕೇಳಬೇಕಾದದ್ದು ಬ್ಯಾಟರಿ ಎಷ್ಟು ಯೂನಿಟ್ಟಿನದು ಎಂದು.