ಅಂಕವೂ ಆರೈಕೆಯೂ: ಮಧುಮೇಹವುಳ್ಳ ಕಿರಿಯರ ಸ್ವಪಾಲನೆಯ ಮಾಪನ

ಒಂದನೆಯ ಬಗೆಯ ಮಧುಮೇಹವು ಬಹುಮಟ್ಟಿಗೆ ಎಳೆಯ ವಯಸ್ಸಿನಲ್ಲಿ ತಲೆದೋರುವ ವ್ಯಾಧಿ; ಜೀವಮಾನವಿಡೀ ಇನ್ಸುಲಿನ್ ಅನಿವಾರ್ಯ. 1995ರಿಂದ 2008ರ ವರೆಗಿನ ಕರ್ನಾಟಕ ಮಧುಮೇಹ ನೋಂದಣಿಯು ಹುಡುಗರಲ್ಲಿ ಲಕ್ಷಕ್ಕೆ 3.7, ಹುಡುಗಿಯರಲ್ಲಿ ಲಕ್ಷಕ್ಕೆ 4.0ರಷ್ಟು ಸಂಭವವನ್ನು ಕಂಡಿತು. ರೋಗಿಗಳೆಷ್ಟು ಎಂಬುದಕ್ಕೆ ಇದು ಉತ್ತರ. ಅವರು ರೋಗವನ್ನು ಹೇಗೆ ನಿಭಾಯಿಸುತ್ತಾರೆ ಎಂಬುದಕ್ಕಲ್ಲ. ಆ ಎರಡನೆಯ ಪ್ರಶ್ನೆಗೆ ಬಳಸುವ ಎರಡು ಅಳತೆಗೋಲುಗಳನ್ನು, ಇತಿಹಾಸಕಾರರು ಆಕರಗಳನ್ನು ಒರೆಗೆ ಹಚ್ಚುವ ರೀತಿಯಲ್ಲಿ, ಇಲ್ಲಿ ಪರಿಶೀಲಿಸುತ್ತೇವೆ.

ಮೊದಲನೆಯದು ರೋಗಿಯ ಹೇಳಿಕೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಅನೆಟ್ ಲಾ ಗ್ರೆಕಾ ಅವರು ರೂಪಿಸಿದ ‘ಸೆಲ್ಫ್ ಕೇರ್ ಇನ್ವೆಂಟರಿ’ ಇದಕ್ಕೆ ನಿದರ್ಶನ. ರಕ್ತಪರೀಕ್ಷೆ, ಇನ್ಸುಲಿನ್, ಆಹಾರ, ವ್ಯಾಯಾಮ ಇವುಗಳಲ್ಲಿ ವೈದ್ಯರ ಸಲಹೆಯನ್ನು ಎಷ್ಟರ ಮಟ್ಟಿಗೆ ಪಾಲಿಸಿದೆನೆಂದು ರೋಗಿಯೇ 1ರಿಂದ 5ರ ವರೆಗೆ ಅಂಕ ಹಾಕಿಕೊಳ್ಳಬೇಕು. ತೊಡಕು ಎಲ್ಲಿದೆ ಎಂಬುದು ಬಿಡಿಬಿಡಿಯಾಗಿ ತೋರುವುದು ಇದರ ಗುಣ. ಆದರೆ ಹಿರಿಯರೆದುರು ಬರೆದ ಉತ್ತರವು ಪ್ರಶಸ್ತಿ ಶಾಸನದಂತೆ ಸೋಲನ್ನು ಹೇಳದಿರಬಹುದು. ಮೇಲಾಗಿ ಅಂಕವು ಸಲಹೆಯನ್ನೇ ಅವಲಂಬಿಸಿದೆ. ಹೊಸದುರ್ಗ ತಾಲ್ಲೂಕಿನ ಬಾಗೂರಿನಂಥ ಊರಿನ ಬಡ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಸ್ಟ್ರಿಪ್ಪುಗಳ ಬೆಲೆಯನ್ನು ನೆನೆದು ವೈದ್ಯರು ದಿನಕ್ಕೊಂದೇ ಪರೀಕ್ಷೆ ಹೇಳಿದ್ದರೆ, ಅದನ್ನು ತಪ್ಪದೆ ಮಾಡಿದ ಆಕೆಗೆ 5 ಅಂಕ. ನಾಲ್ಕು ಹೇಳಿಸಿಕೊಂಡು ಮೂರು ಮಾಡಿದ ಬೆಂಗಳೂರಿನ ಹುಡುಗನಿಗೆ ಅದಕ್ಕಿಂತ ಕಡಿಮೆ. ಬಡತನವು ಅಂಕದೊಳಗೆ ಅಡಗಿಹೋಯಿತು. ಫ್ರಿಜ್ಜಿಲ್ಲದ ಮನೆಯಲ್ಲಿ ಮಣ್ಣಿನ ಮಡಕೆಯ ತಂಪಿನಲ್ಲಿ ಇನ್ಸುಲಿನ್ನನ್ನು ಕಾಪಾಡಿದ ಆಕೆಯ ಎಚ್ಚರಿಕೆಯೂ ಲೆಕ್ಕಕ್ಕೆ ಬರಲಿಲ್ಲ.

ಎರಡನೆಯದು ಭೌತಿಕ ಸಾಕ್ಷ್ಯ: ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆ. ಈ ಅಂಕಿ ತಗ್ಗಿದಂತೆ ಕಣ್ಣು, ಮೂತ್ರಪಿಂಡಗಳ ಹಾನಿಯೂ ತಗ್ಗುವುದೆಂದು, 1,441 ರೋಗಿಗಳನ್ನೊಳಗೊಂಡು 1993ರಲ್ಲಿ ಮುಗಿದ ಅಮೆರಿಕ-ಕೆನಡಾಗಳ ಪ್ರಯೋಗವು ಸ್ಥಾಪಿಸಿತು. ಅದರ ಪ್ರಾಮಾಣ್ಯವನ್ನು ಅಲ್ಲಗಳೆಯಲಾಗದು. ಆದರೆ ಸರಾಸರಿಯು ದಿನದಿನದ ಏರಿಳಿತವನ್ನು ಮರೆಮಾಡುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆಯು ಅದನ್ನು ಹುಸಿಯಾಗಿ ಏರಿಸಬಲ್ಲದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಸ್ತ್ರೀಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿತ್ತು. ಹರೆಯದ ಹಾರ್ಮೋನುಗಳೂ ಇನ್ಸುಲಿನ್ನಿನ ಪ್ರಭಾವವನ್ನು ಕುಗ್ಗಿಸುತ್ತವೆ. ಆದುದರಿಂದ ಏರಿದ ಅಂಕಿಯನ್ನು ಕಂಡೊಡನೆ ಪಥ್ಯ ತಪ್ಪಿದೆಯೆಂದು ಗದರುವುದು ಒಂದೇ ಆಕರದಿಂದ ಚರಿತ್ರೆ ಬರೆದಂತೆ. ಗದರಿಸಿಕೊಂಡ ಮಗು ಮುಂದೆ ಪುಸ್ತಕದಲ್ಲಿ ಹುಸಿ ಅಂಕಿ ಬರೆದೀತು. ಅದನ್ನು ನಂಬಿ ಗೊತ್ತುಮಾಡಿದ ಇನ್ಸುಲಿನ್ ಪ್ರಮಾಣವು ಪ್ರಾಣಕ್ಕೇ ಎರವಾದೀತು.

ಈ ಮಾಪನಗಳನ್ನು ತೊರೆಯಬೇಕೆಂಬುದು ನಮ್ಮ ವಾದವಲ್ಲ. ಎರಡನ್ನೂ ಕೂಡಿಸಿ ಓದಬೇಕು. ಜೊತೆಗೆ ಕೊಟ್ಟ ಸಲಹೆಯೇನು, ಮನೆಯಲ್ಲಿದ್ದ ಸಾಧನಗಳೇನು, ನೆರವಾದವರು ಯಾರು ಎಂಬುದನ್ನೂ ಬರೆದಿಡತಕ್ಕದ್ದು. ತರಗತಿಯಲ್ಲಿ ಸಕ್ಕರೆ ಇಳಿದು ಬೆವರಿ ನಡುಗುವ ವಿದ್ಯಾರ್ಥಿಗೆ ಅಲ್ಲಿಯೇ ಸಿಹಿ ತಿನ್ನಲು ನಾವು ಅನುಮತಿಯಿತ್ತೆವೋ ಇಲ್ಲವೋ ಎಂಬುದೂ ಆ ದಾಖಲೆಯಲ್ಲಿರಲಿ. ಆಗ ಮಾತ್ರ ಅಂಕವು ಕಿರಿಯರ ಮೇಲಿನ ತೀರ್ಪಾಗದೆ, ಅವರಿಗೆ ಸಲ್ಲಬೇಕಾದುದರ ಲೆಕ್ಕವೂ ಆದೀತು.