ಮೆತ್ತನೆ ಕೈಯ ಕಡಲ್ಗಳ್ಳ

ಅಪ್ಪ ಮಗನ ಕಣ್ಣೆದುರೇ ಹೆಬ್ಬಾತಿನ ಕತ್ತು ಕಡಿಯುತ್ತಾನೆ. ರಕ್ತ ಹುಡುಗನ ಮುಖಕ್ಕೆ ಚಿಮ್ಮುತ್ತೆ. ಮೆತ್ತನೆ ಕೈಯ ಹೇಡಿ ಅಂತ ಹಂಗಿಸಿಕೊಳ್ಳೋ ಆ ಹುಡುಗನೇ ಮುಂದೆ ಕಡಲ್ಗಳ್ಳನಾಗ್ತಾನೆ. 'ಅವರ್ ಫ್ಲ್ಯಾಗ್ ಮೀನ್ಸ್ ಡೆತ್' ಕಾಮಿಡಿ ಅಂತ ನಗೋಕೆ ಕೂತಿದ್ದ ನನಗೆ ಈ ದೃಶ್ಯದಲ್ಲಿ ನಗು ನಿಂತೇ ಹೋಯ್ತು.

ಡೇವಿಡ್ ಜೆಂಕಿನ್ಸ್ ಸೃಷ್ಟಿಸಿದ ಈ ಸರಣಿ 2022ರಲ್ಲಿ ಎಚ್‌ಬಿಒ ಮ್ಯಾಕ್ಸ್‌ನಲ್ಲಿ ಬಂತು. ಎರಡು ಸೀಸನ್ ಆದಮೇಲೆ ನಿಂತಿತು. ಕಥೆ ನಡೆಯೋದು 1717ರಲ್ಲಿ. ಬಾರ್ಬಡೋಸ್‌ನ ಶ್ರೀಮಂತ ಸ್ಟೀಡ್ ಬಾನೆಟ್ (ರೀಸ್ ಡಾರ್ಬಿ) ಹೆಂಡತಿ ಮಕ್ಕಳನ್ನು ಬಿಟ್ಟು ಹಡಗು ಹತ್ತುತ್ತಾನೆ. ಅಲ್ಲಿ ಸಿಗೋದು ಬ್ಲ್ಯಾಕ್‌ಬಿಯರ್ಡ್, ಅಂದರೆ ಎಡ್ (ಟೈಕಾ ವೈಟಿಟಿ). ಇಬ್ಬರೂ ಇತಿಹಾಸದಲ್ಲಿ ಇದ್ದವರೇ, ಜೊತೆಗೆ ಸಾಗಿದವರೇ. ಪ್ರೀತಿ ಮಾತ್ರ ಕಲ್ಪನೆ.

ಎಡ್ ಹೆಸರು ಕೇಳಿದರೆ ಹಡಗುಗಳು ನಡುಗುತ್ತವೆ. ಆದರೆ ಕ್ರೂರಿ ಅಪ್ಪನನ್ನು ಕೊಂದ ಮೇಲೆ ತಾನು ಇನ್ನೊಬ್ಬರನ್ನು ಕೈಯಾರೆ ಕೊಂದಿಲ್ಲ ಅಂತ ಅವನು ಸ್ಟೀಡ್ ಹತ್ತಿರ ಒಪ್ಕೊಳ್ತಾನೆ. ಅವನ ಭಯಂಕರ ರೂಪ ಅರ್ಧ ವೇಷ. ಅಮ್ಮ ಕೊಟ್ಟ ಕೆಂಪು ರೇಷ್ಮೆ ಚೂರನ್ನು ಜೋಪಾನವಾಗಿ ಇಟ್ಟುಕೊಂಡವನು ಅವನು. ಸ್ಟೀಡ್ ಅದನ್ನು ಮಡಚಿ ಅವನ ಜೇಬಿಗೆ ಸಿಕ್ಕಿಸಿ, ಒಳ್ಳೇದು ನಿನಗೆ ಒಪ್ಪುತ್ತೆ ಅಂತಾನೆ. ಇಡೀ ಸರಣಿಯ ಪ್ರೇಮ ಆ ಒಂದು ಕ್ಷಣದಲ್ಲಿದೆ.

ಗಂಡು ಗಂಡನ್ನು ಪ್ರೀತಿಸಿದ ಅಂತ ಈ ಹಡಗಿನಲ್ಲಿ ಯಾರೂ ಬೆಚ್ಚಿಬೀಳೋದಿಲ್ಲ. ಜಿಮ್ ಹೆಣ್ಣೂ ಅಲ್ಲ, ಗಂಡೂ ಅಲ್ಲ ಅಂತ ಗೊತ್ತಾದಾಗಲೂ ಅಷ್ಟೇ. (ಕನ್ನಡದಲ್ಲಿ ಬರೆಯುವಾಗ ನನಗೂ ಕಷ್ಟವಾಗಲಿಲ್ಲ, 'ಅವರು' ಅಂದರೆ ಮುಗೀತು.) ಅಡ್ಡಿ ಬರೋದು ಮೆದುತನದ ಬಗೆಗಿನ ನಾಚಿಕೆ. ಸ್ಟೀಡ್ ಬಿಟ್ಟುಹೋದಾಗ ಎಡ್ ಅಳ್ತಾನೆ, ಹಾಡು ಕಟ್ಟುತ್ತಾನೆ. ತನಗೆ ಬೇಕಿರೋದು ಬ್ಲ್ಯಾಕ್‌ಬಿಯರ್ಡ್, ಈ ಎಡ್ ಅಲ್ಲ ಅಂತಾನೆ ಸಹಚರ ಇಝಿ. ಆಮೇಲೆ ಎಡ್ ಮೊದಲು ಕತ್ತರಿಸೋದು ಇಝಿಯ ಕಾಲ್ಬೆರಳನ್ನೇ. ಕೇಳಿದ ಗಂಡಸ್ತನ ಸಿಕ್ಕಿತು, ಬೆಲೆಯನ್ನೂ ಅವನೇ ತೆತ್ತ.

ನನ್ನ ತಕರಾರು ಎರಡು. ಎರಡನೇ ಸೀಸನ್‌ನಲ್ಲಿ ಎಡ್ ತನ್ನ ಹಿಂಸೆಗೆ ಗೋಣಿತಾಟು ಉಟ್ಟು, ಗಂಟೆ ಕಟ್ಟಿಕೊಂಡು ಕ್ಷಮೆ ಕೇಳ್ತಾನೆ. ನಗು ಬರುತ್ತೆ, ಆದರೆ ಪೆಟ್ಟು ತಿಂದವರ ಸಿಟ್ಟಿಗೆ ಅಷ್ಟು ಸಮಯ ಸಾಲದು. ಇನ್ನೊಂದು, ಸ್ಟೀಡ್‌ನ ಕೈ ಯಾಕೆ ಮೆತ್ತಗಿತ್ತು? ಆ ಕಾಲದ ಬಾರ್ಬಡೋಸ್‌ನ ಕಬ್ಬಿನ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ತಂದ ಗುಲಾಮರು. ಬಿಳಿ ಶ್ರೀಮಂತರನ್ನು ಚೆನ್ನಾಗಿ ಲೇವಡಿ ಮಾಡೋ ಸರಣಿ, ತನ್ನ ನಾಯಕನ ಆಸ್ತಿಯ ಮೂಲವನ್ನು ಕೆದಕೋದಿಲ್ಲ. ಹಿಂಸೆ ಅಂದರೆ ಬರೀ ಕತ್ತಿಯಲ್ಲ.

ಆದರೂ ನೋಡಿ ಅಂತೀನಿ. ಚಿಕ್ಕಂದಿನಲ್ಲಿ ಜಗಳ ಬಂದಾಗ ನಾವೂ ಕೇಳ್ತಿದ್ವಿ, 'ಏನೋ, ಕೈಗೆ ಬಳೆ ತೊಟ್ಕೊಂಡಿದ್ದೀಯಾ?' ನಾನೂ ಅಂದಿದ್ದೀನಿ, ಅನ್ನಿಸಿಕೊಂಡೂ ಇದ್ದೀನಿ. ಈ ಹಡಗಿನಲ್ಲಿ ಯಾರಾದರೂ ಬಳೆ ತೊಟ್ಟು ಬಂದರೆ ಉಳಿದವರು ಬಹುಶಃ ಕೇಳೋದು ಇಷ್ಟೇ: ಎಲ್ಲಿ ತಗೊಂಡೆ, ನನಗೂ ಬೇಕು.